ತೊಂಬತ್ತು ಬಾಣ, ಎರಡು ಫ್ರೇಮು

ವಿಮಾನದಲ್ಲಿ

ವಿಮಾನ ಹತ್ತಿ ಕೂತ ಹತ್ತು ನಿಮಿಷಕ್ಕೇ ಅದರ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿ ನೋಡಿದೆ. ಠಪ್ ಠಪ್ ಅಂತು. ನನ್ನ ಎದೆ ಧಸಕ್ಕೆಂದಿತು. ಕಿಟಕಿಯ ಸುತ್ತಲಿನ ಪಟ್ಟಿ ಬಾರಿಸಿದೆ, ತಲೆಯ ಮೇಲಿನ ಸಾಮಾನಿನ ಗೂಡು ಬಾರಿಸಿದೆ, ಮುಂದಿನ ಸೀಟಿನ ಬೆನ್ನು ಬಾರಿಸಿದೆ. ಎಲ್ಲವೂ ಪ್ಲಾಸ್ಟಿಕ್ಕು.

"ಲೀಲವ್ವಾ, ಇದರಾಗ ಕಬ್ಬಿಣಾನ ಇಲ್ಲಲ್ಲ!" ಅಂದೆ.

"ಮಾಮಾ, ಸುಮ್ನ ಕುಂದರ್ರಿ. ಮುಂದಿನವರು ಹೊಳ್ಳಿ ಹೊಳ್ಳಿ ನೋಡಾಕತ್ತಾರ."

ಸುಮ್ಮನೆ ಕೂಡುವುದು ನನ್ನ ಹಣೆಬರಹದಲ್ಲೇ ಇಲ್ಲ. ಬೈಲಹೊಂಗಲದಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ಒಂದು ಲೇಥು, ಒಂದು ಡ್ರಿಲ್ಲಿಂಗ್ ಮಷಿನ್ನು, ಎರಡು ವೆಲ್ಡಿಂಗ್ ಸೆಟ್ಟು. ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವುದು ನನ್ನ ಕಸುಬು. ಅತ್ತ ಕಿತ್ತೂರು, ಇತ್ತ ಸವದತ್ತಿ, ರಾಮದುರ್ಗದ ಕಡೆ ಕಟಕೋಳದವರೆಗೂ ನನ್ನ ಟ್ರೇಲರುಗಳು ಓಡಾಡುತ್ತವೆ. ಇಪ್ಪತ್ತೈದು ವರ್ಷ ನಿಂತು ಕೆಲಸ ಮಾಡಿದವನನ್ನು ಸೊಂಟಕ್ಕೆ ಪಟ್ಟಿ ಕಟ್ಟಿ ಅಷ್ಟು ತಾಸು ಕೂಡಿಸಿದರೆ ಅವನ ಗತಿ ಏನು? ಸೀಟಿನ ಕೈಗೆ ಎಷ್ಟು ಸ್ಕ್ರೂ ಇವೆ ಎಂದು ಎಣಿಸಿದೆ. ಒಂದು ಸಡಿಲ ಇತ್ತು. ಉಗುರಿನಿಂದ ಬಿಗಿ ಮಾಡಿದೆ. ಆಮೇಲೆ ಅದೂ ಇಲ್ಲ.

ಬಾರಿಸಿ ನೋಡುವ ಚಾಳಿ ಅವ್ವನಿಂದ ಬಂದದ್ದು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅವಳು ಒಂದೊಂದನ್ನೂ ಕಿವಿಗೆ ಹಿಡಿದು ಬಾರಿಸುತ್ತಿದ್ದಳು. "ಣಣ್ ಅಂದ್ರ ತಗೋ, ಠಪ್ ಅಂದ್ರ ಇಟ್ಟ ಬಾ. ಠಪ್ ಅನ್ನೂದು ಒಡದದ್ದು" ಅನ್ನುತ್ತಿದ್ದಳು. ಮುಂದೆ ನಾನು ಲೋಹದ ಕೆಲಸಕ್ಕೆ ಬಿದ್ದಾಗ ಆ ಮಾತೇ ನನ್ನ ಎಂಜಿನಿಯರಿಂಗ್ ಕಾಲೇಜಾಯಿತು.

ಪಕ್ಕದಲ್ಲಿ ಕೂತವಳು ನನ್ನ ಅಕ್ಕನ ಮಗಳು ಶಿವಲೀಲಾ. ಮನೆಯಲ್ಲಿ ಲೀಲವ್ವ. ನೇಸರಗಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಾವಿಬ್ಬರೂ ಹೊರಟದ್ದು ಆಸ್ಟ್ರಿಯಾದ ಒಂದು ಸಣ್ಣ ಊರಿಗೆ, ಅವಳ ಅಡ್ಡಬಿಲ್ಲಿನ ಸ್ಪರ್ಧೆಗೆ. ಆ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಯಲ್ಲಿ ಸರಿಯಾಗಿ ಕೂಡುವುದಿಲ್ಲ, ಬಿಡಿ. ಅಡ್ಡಬಿಲ್ಲು ಅಂದರೆ ಬಂದೂಕಿನಂಥ ಹಿಡಿಕೆಯ ತುದಿಗೆ ಬಿಲ್ಲನ್ನು ಅಡ್ಡ ಮಲಗಿಸಿದ್ದು. ಸನ್ನೆಕೋಲಿನಿಂದ ದಾರ ಎಳೆದು ಕೊಂಡಿಗೆ ಸಿಕ್ಕಿಸಿ, ಬಾಣ ಇಟ್ಟು, ಟ್ರಿಗರ್ ಒತ್ತಬೇಕು. ಅವಳದು ರಿಕರ್ವ್. ಬಿಲ್ಲಿನ ಎರಡೂ ತುದಿ ಮುಂದಕ್ಕೆ ಹೊರಳಿರುತ್ತವೆ. ಬಿಲ್ಲು ಕೂಡುವ ಮೈ ಇದೆಯಲ್ಲ, ಅದು ಫ್ರೇಮು. ಈ ಕಥೆಯೆಲ್ಲ ಆ ಫ್ರೇಮಿನದು.

ಸ್ಪರ್ಧೆಯಲ್ಲಿ ನಿಂತುಕೊಂಡೇ ತೊಂಬತ್ತು ಬಾಣ ಬಿಡಬೇಕು. ಮೂರು ದೂರ, ಒಂದೊಂದಕ್ಕೆ ಮೂವತ್ತು. ಲೀಲವ್ವ ಊರಲ್ಲಿ ಒಮ್ಮೆಯೂ ತೊಂಬತ್ತು ಮುಗಿಸಿದವಳಲ್ಲ. ಅರವತ್ತು ದಾಟಿದ ಮೇಲೆ ಏನಾದರೊಂದು ನೆವ ತೆಗೆದು ಬಿಲ್ಲು ಇಳಿಸುತ್ತಿದ್ದಳು. ಒಂದು ದಿನ ಬಿಸಿಲು, ಒಂದು ದಿನ ಗಾಳಿ, ಒಂದು ದಿನ ಸಾಲಿಯ ಪೇಪರು ತಿದ್ದುವುದಿದೆ. ಈ ಸಲ ಗೆಲ್ಲುವ ಮಾತೇ ಇರಲಿಲ್ಲ. "ತೊಂಬತ್ತೂ ಬಿಟ್ಟು ಬರಬೇಕು ಮಾಮಾ, ನಡುವ ಇಳಸಬಾರದು. ಇಳಸಿದ್ರ ಮತ್ತ ಇದನ್ನ ಮುಟ್ಟೂದಿಲ್ಲ" ಅಂದಿದ್ದಳು. ಲೀಲವ್ವ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವಳಲ್ಲ.

ಬೈಲಹೊಂಗಲ–ನೇಸರಗಿ ರಸ್ತೆ, ನಾಲ್ಕು ವರ್ಷ ಹಿಂದೆ

ಇದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಹೇಳಲು ಮನಸ್ಸೂ ಇಲ್ಲ. ಗಬಗಬ ಹೇಳಿಬಿಡುತ್ತೇನೆ.

ಲೀಲವ್ವ ಕಿತ್ತೂರಿನಲ್ಲಿ ಓದುವಾಗ ನಿಜವಾದ ಬಿಲ್ಲು ಹಿಡಿದವಳು. ಎಡಗೈ ಚಾಚಿ ನಿಂತರೆ ತೇಗಿನ ತೊಲೆ. ಒಂದು ಮುಚ್ಚಂಜೆ ಅವಳನ್ನು ನನ್ನ ಗಾಡಿಯ ಹಿಂದೆ ಕೂಡಿಸಿಕೊಂಡು ನೇಸರಗಿಗೆ ಹೊರಟಿದ್ದೆ. ರಸ್ತೆಯಲ್ಲಿ ಕಬ್ಬು ಹೇರಿದ ಒಂದು ಟ್ರೇಲರ್ ನಿಂತಿತ್ತು. ಹಿಂದೆ ದೀಪವಿಲ್ಲ, ರೇಡಿಯಂ ಸ್ಟಿಕರ್ ಇಲ್ಲ. ಕಂಡಾಗ ತಡವಾಗಿತ್ತು. ಗಾಡಿ ಹೊರಳಿಸಿದೆ, ನಾನು ಪಾರಾದೆ. ಅವಳ ಎಡಭುಜ ಟ್ರೇಲರಿನ ಮೂಲೆಯ ಪಟ್ಟಿಗೆ ಬಡಿಯಿತು.

ಆ ಟ್ರೇಲರ್ ಕಟ್ಟಿದವನು ನಾನೇ. ರೇಡಿಯಂ ಹಚ್ಚುವುದು ಗಿರಾಕಿಯ ಕೆಲಸ ಎಂದು ಹಾಗೇ ಕಳಿಸಿದವನೂ ನಾನೇ. ನನ್ನ ಪಟ್ಟಿ ಎಳ್ಳಷ್ಟೂ ಬಾಗಿರಲಿಲ್ಲ. ಅವಳ ಭುಜ ಮೂರು ಕಡೆ ಮುರಿದಿತ್ತು. ಇದನ್ನು ನಾನು ಅಕ್ಕನಿಗೂ ಹೇಳಲಿಲ್ಲ, ಲೀಲವ್ವನಿಗೂ ಹೇಳಲಿಲ್ಲ.

ಬಿಲ್ಲು ಹಿಡಿಯುವುದು ಅಲ್ಲಿಗೆ ಮುಗಿಯಿತು. ಅಡ್ಡಬಿಲ್ಲಾದರೆ ಎಳೆತವನ್ನು ಕೈ ತಡೆಯಬೇಕಿಲ್ಲ, ಹಿಡಿದು ನಿಂತರೆ ಸಾಕು ಎಂದು ಯಾರೋ ಹೇಳಿದರು. ಬಿಲ್ಲಿನ ರೆಕ್ಕೆಗಳನ್ನು, ಅಂದರೆ ಬಾಗುವ ಎರಡು ತೋಳುಗಳನ್ನು, ಹೊರಗಿನಿಂದ ತರಿಸಿ, ಫ್ರೇಮನ್ನು ನಾನೇ ಅಲ್ಯುಮಿನಿಯಂ ಪಟ್ಟಿ ಕೂಡಿಸಿ ಮಾಡಿಕೊಟ್ಟೆ. ಗಟ್ಟಿಮುಟ್ಟಾಗಿರಲಿ ಎಂದು ಬೇಕಾದಲ್ಲಿ ಒಂದು ಪದರ, ಬೇಡವಾದಲ್ಲೂ ಒಂದು ಪದರ. ಅವಳು ಮೊದಲ ಸಲ ಎತ್ತಿದಾಗ ತುಟಿ ಕಚ್ಚಿದ್ದನ್ನು ನೋಡಿದೆ. "ಎಷ್ಟರದು ಭಾರ? ಒಂದು ತಂಬಿಗಿ ನೀರು ಹೆಚ್ಚು ಅಷ್ಟ" ಅಂದೆ.

ಮೊದಲನೆಯ ದಿನ, ಆ ಊರು

ಆ ಊರಿನ ಮಂದಿ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಹಿಂದೆ ಮುಂದೆ ಒಂದು ಗಾಡಿ ಇಲ್ಲ, ಒಂದು ನಾಯಿ ಇಲ್ಲ, ಆದರೂ ನಡೆದು ಹೋಗುವವರು ಕೂಡ ದೀಪ ನೋಡುತ್ತಾ ನಿಲ್ಲುತ್ತಾರೆ. ನಾನು ದಾಟಿಯೇಬಿಟ್ಟೆ. ಆ ಕಡೆ ನಿಂತ ಒಬ್ಬ ಮುದುಕಿ ನನ್ನನ್ನು ನೋಡಿದ ನೋಟಕ್ಕೆ ಮರಳಿ ದಾಟಿ ಬಂದು ನಿಂತೆ. ಅದೂ ಕೆಂಪು ದೀಪದಲ್ಲೇ. ನೇಸರಗಿ ಕ್ರಾಸಿನಲ್ಲಿ ಯಾರಾದರೂ ಹೀಗೆ ಖಾಲಿ ರಸ್ತೆಯ ಮುಂದೆ ನಿಂತರೆ, "ಯಾಕ್ರಿ, ಆರಾಮ ಇಲ್ಲೇನು?" ಎಂದು ಕೈಹಿಡಿದು ಚಹಾದಂಗಡಿಗೆ ಕರೆದೊಯ್ಯುತ್ತಾರೆ.

ನಾವು ಇಳಿದ ಮನೆಯ ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೂ ಅಷ್ಟೆ. ನನ್ನ ಇಂಗ್ಲಿಷ್ ಬೇರಿಂಗ್, ಬೋಲ್ಟ್, ವಾಷರ್‌ಗಳಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಬ್ರೆಡ್ಡು ಇಟ್ಟಳು. ನಾನು ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದೆ. ಅಜ್ಜಿ ರೊಟ್ಟಿಯನ್ನು ಕೈಗೆತ್ತಿಕೊಂಡು ತಿರುವಿ ನೋಡಿ, ಬೆರಳಿನಿಂದ ಟಕ್ ಟಕ್ ಎಂದು ಬಾರಿಸಿದಳು. ನನಗಾದ ಸಂತೋಷ ಹೇಳತೀರದು! ಈ ದೇಶದಲ್ಲೂ ಬಾರಿಸಿ ನೋಡುವವರು ಇದ್ದಾರಲ್ಲ. ಆ ಖುಷಿಗೆ ಅವಳ ಗೇಟಿನ ಕಿರುಗುಟ್ಟುವ ಕೀಲು ಬಿಚ್ಚಿ, ಎಣ್ಣೆ ಹಾಕಿ, ಕೂಡಿಸಿ ಕೊಟ್ಟೆ. ಬಿಚ್ಚುವಾಗ ಗಾಬರಿಯಿಂದ ಫೋನ್ ಕೈಗೆತ್ತಿಕೊಂಡಿದ್ದ ಅಜ್ಜಿ, ಕೂಡಿಸಿದ ಮೇಲೆ ಕೇಕು ತಂದಳು.

ಮಧ್ಯಾಹ್ನ ಮೈದಾನದಲ್ಲಿ ಬಿಲ್ಲುಗಳ ತಪಾಸಣೆ. ಉದ್ದ ಮೇಜು, ಅದರ ಹಿಂದೆ ಕನ್ನಡಕದ ಹೆಂಗಸು, ಕೈಯಲ್ಲಿ ಟಾರ್ಚು ಮತ್ತು ಭೂತಗನ್ನಡಿ. ನನ್ನ ಫ್ರೇಮನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಬೆಸುಗೆಯ ಹತ್ತಿರ ನಿಂತಳು. ಲೀಲವ್ವನನ್ನು ಕರೆದು ತೋರಿಸಿದಳು. ಕೂದಲೆಳೆಯಂಥ ಬಿರುಕು. ಫ್ರೇಮಿಗೆ ಕೆಂಪು ಚೀಟಿ ಕಟ್ಟಿದಳು.

"ಕೇಳ ಆಕಿನ್ನ, ಒಂದು ಟಾಕಾ ಹೊಡದರ ಮುಗೀತಲ್ಲ?" ಅಂದೆ.

"ಕೇಳಿದೆನ್ರಿ. ಬೆಸದದ್ದನ್ನ ಮತ್ತ ಬೆಸದರ ಒಪ್ಪೂದಿಲ್ಲಂತ. ನಾಡಿದ್ದ ಮುಂಜಾನಿ ತನಕಾ ಬ್ಯಾರೆ ಫ್ರೇಮ್ ತಂದರ ನಿಲ್ಲಬಹುದಂತ."

ನಾನು ಮಾಡಿದ ಕೆಲಸಕ್ಕೆ ಬಿರುಕೇ? ಅದೂ ಯಾರೂ ಬೀಳಿಸದೆ, ಬಡಿಯದೆ? ಮೈದಾನದ ಸುತ್ತ ನಾಲ್ಕು ಸುತ್ತು ಹಾಕಿದೆ. ಲೀಲವ್ವ ಬೆಂಚಿನ ಮೇಲೆ ಕೂತು ಆ ಕೆಂಪು ಚೀಟಿಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು.

ಫ್ರಾನ್ಜಜ್ಜನ ಶೆಡ್ಡು

ಮೈದಾನದ ಅಂಚಿಗೇ ಒಬ್ಬ ಅಡ್ಡಬಿಲ್ಲು ಮಾಡುವವನಿದ್ದ. ಹೆಸರು ಫ್ರಾನ್ಜ್. ನಾನು ಫ್ರಾನ್ಜಜ್ಜ ಅಂತಲೇ ಕರೆದೆ, ಅವನೂ ಓಗೊಟ್ಟ. ಎಪ್ಪತ್ತರ ಮೇಲಿನ ಆಳು. ಜೀವಮಾನವೆಲ್ಲ ಮಷಿನ್ನಿನ ಸದ್ದಿನಲ್ಲಿ ಕಳೆದು ಕಿವಿ ಮಂದವಾಗಿತ್ತು. ಅವನ ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ನನ್ನ ಜೀವ ತಣ್ಣಗಾಯಿತು. ಅದೇ ಎಣ್ಣೆಯ ವಾಸನೆ, ಅದೇ ಲೋಹದ ಪುಡಿ, ಅದೇ ಡ್ರಿಲ್ಲಿಂಗ್ ಮಷಿನ್ನು. ಒಂದೇ ವ್ಯತ್ಯಾಸ, ನೆಲದ ಮೇಲೆ ಊಟ ಮಾಡಬಹುದಿತ್ತು.

ನಮ್ಮ ರೆಕ್ಕೆಗೆ ಹೊಂದುವ ಫ್ರೇಮು ಅವನಲ್ಲಿ ಎರಡೇ ತಯಾರಿದ್ದವು. ಒಂದು ಅಲ್ಯುಮಿನಿಯಂ. ಇನ್ನೊಂದು ಕಪ್ಪು ಬಣ್ಣದ ಕಾಂಪೋಸಿಟ್: ಕಾರ್ಬನ್ ನೂಲಿನ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಕೂಡಿಸಿ ಒತ್ತಿದ್ದು. ಹತ್ತಿರದಿಂದ ನೋಡಿದರೆ ರಾಮದುರ್ಗದ ಮಗ್ಗದ ಬಟ್ಟೆಯಂತೆ ಹಾಸುಹೊಕ್ಕು ಕಾಣುತ್ತದೆ. ಲೀಲವ್ವ ಅದನ್ನು ಎತ್ತಿದಳು. ಎತ್ತಿ ಎಡಗೈ ಚಾಚಿದಳು. ನಾಲ್ಕು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಬೆಳಕು ನೋಡಿರಲಿಲ್ಲ.

ನಾನು ಎರಡನ್ನೂ ಬಾರಿಸಿದೆ. ಅಲ್ಯುಮಿನಿಯಂ ಣಣ್ ಅಂತು. ಕಪ್ಪಿನದು ಠಪ್ ಅಂತು.

"ಇದು ಬ್ಯಾಡ" ಅಂದೆ.

ಫ್ರಾನ್ಜಜ್ಜ ಜರ್ಮನ್‌ನಲ್ಲಿ ಹೇಳಿದ್ದನ್ನು ಅವನ ಮಗಳು ಇಂಗ್ಲಿಷ್ ಮಾಡಿದಳು, ಲೀಲವ್ವ ಕನ್ನಡ ಮಾಡಿದಳು. ಕಾಂಪೋಸಿಟ್ ಹಗುರ, ಬಾಣ ಬಿಟ್ಟಾಗಿನ ನಡುಕವನ್ನು ನುಂಗುತ್ತದೆ, ಕೈಗೆ ಹತ್ತಲು ಬಿಡುವುದಿಲ್ಲ. ಆದರೆ ಪೆಟ್ಟು ಬಿದ್ದರೆ ಒಳಗೇ ಪದರ ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಅಲ್ಯುಮಿನಿಯಂ ಭಾರ, ನಡುಕವನ್ನು ಕೈಗೆ ದಾಟಿಸುತ್ತದೆ. ಆದರೆ ಕೆಡುವ ಮೊದಲು ಬಿರುಕು ತೋರಿಸಿ ಹೇಳುತ್ತದೆ.

"ಕೇಳಿದೆಲ್ಲ? ಹೇಳದ ಕೇಳದ ಮುರಿಯೂ ಸಾಮಾನು ಅದು. ಬೈಲಹೊಂಗಲದಾಗ ಅದಕ್ಕ ಟಾಕಾ ಹೊಡಿಯಾಕ ಬರತೈತೇನು? ಎರಡರ ನಡುವ ಎಷ್ಟರ ಫರಕ? ಒಂದು ತಂಬಿಗಿ ನೀರು!"

ಲೀಲವ್ವ ಕಪ್ಪು ಫ್ರೇಮನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ನನ್ನ ಮುಖ ನೋಡಿದಳು. "ನಿಮಗ ಯಾವುದರ ಮ್ಯಾಲೆ ನಂಬಿಕಿ ಐತಿ, ಅದನ್ನ ತಗೋಳೂಣ್ರಿ" ಅಂದಳು.

ಗೆದ್ದೆ ಅಂದುಕೊಂಡೆ, ಮೂರ್ಖ! ಸಂಜೆ ಅಲ್ಯುಮಿನಿಯಂ ಫ್ರೇಮು ಹಿಡಿದು ಅಭ್ಯಾಸಕ್ಕೆ ನಿಂತಳು. ಮೂವತ್ತು ಬಾಣವಾದ ಮೇಲೆ ನೀರು ಕುಡಿದು ಬರುತ್ತೇನೆಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕುತ್ತಾ ಹೋದೆ. ಡೇರೆಯ ಹಿಂದೆ ಬೆನ್ನು ಮಾಡಿ ನಿಂತಿದ್ದಳು. ಬಲಗೈಯಿಂದ ಎಡಭುಜ ಅವುಚಿ ಹಿಡಿದು, ವೇಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿದ್ದಳು. ಸದ್ದಿಲ್ಲ. ನಾನು ಬಂದ ಕಾಲಲ್ಲೇ ಹಿಂದೆ ಸರಿದೆ. ಬಿಸಿಲು, ಗಾಳಿ, ಸಾಲಿಯ ಪೇಪರು ಎಲ್ಲ ಒಟ್ಟಿಗೇ ನೆನಪಾದವು.

ಎರಡನೆಯ ದಿನ, ಮತ್ತೆ ಅದೇ ಶೆಡ್ಡು

ಮರುದಿನ ಬೆಳಿಗ್ಗೆ ಸ್ಪರ್ಧಿಗಳ ಮೆರವಣಿಗೆ ಇತ್ತು. ಲೀಲವ್ವ ಅತ್ತ ಹೋದ ಕೂಡಲೇ ನಾನು ಅಡ್ಡಬಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಇತ್ತ ಬಂದೆ. ಕೆಂಪು ದೀಪ ಬಂದಲ್ಲಿ ನಿಂತೆ. ನಿಂತಲ್ಲೇ ಕಾಲು ಕುಣಿಯುತ್ತಿತ್ತು.

ಫ್ರಾನ್ಜಜ್ಜನ ಮಗಳು ಮನೆಯಲ್ಲಿರಲಿಲ್ಲ. ನಾನು ಅಲ್ಯುಮಿನಿಯಂ ಫ್ರೇಮನ್ನು ಮೇಜಿನ ಮೇಲಿಟ್ಟು, ನನ್ನ ಎಡಭುಜ ಹಿಡಿದು, "ಅಯ್ಯೋ" ಎಂದು ನರಳಿ, ಕಪ್ಪು ಫ್ರೇಮಿನ ಕಡೆ ಬೆರಳು ಮಾಡಿದೆ. ಅಜ್ಜನಿಗೆ ಒಂದೇ ಸಲಕ್ಕೆ ತಿಳಿಯಿತು. ಇಬ್ಬರೂ ಕೂಡಿ ರೆಕ್ಕೆ ಬಿಚ್ಚಿ ಕಪ್ಪು ಫ್ರೇಮಿಗೆ ಕೂಡಿಸಿದೆವು. ಮಾತೇ ಬೇಕಾಗಲಿಲ್ಲ. ನಾನು ಕೈ ಚಾಚುವ ಮೊದಲು ಅವನು ಬೋಲ್ಟ್ ತಿರುವುವ ಪಾನಾ ಕೊಡುತ್ತಿದ್ದ. ಕೆಲಸ ಮುಗಿಸಿ ಅಜ್ಜ ಕಾಫಿ ತರಲು ಒಳಗೆ ಹೋದ.

ಈಗ ನಮ್ಮ ಕಡೆಯ ಪದ್ಧತಿ ಹೇಳಬೇಕು. ಹೊಸ ಮಷಿನ್ ಬಂದರೆ ಮೊದಲು ಪೂಜೆ. ಪೂಜೆಯಾದ ಮೇಲೆ ಒಂದು ಸಲ ಖಾಲಿ ಓಡಿಸುವುದು. ಲೇಥಿಗೆ ಕಬ್ಬಿಣ ಕೊಡದೆ, ಗಿರಣಿಗೆ ಕಾಳು ಹಾಕದೆ, ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟದೆ. ದೇವರ ಹೆಸರಲ್ಲಿ ಒಂದು ಸುತ್ತು ಖಾಲಿ, ಆಮೇಲೆ ಕೆಲಸ. ಹಾಗೆ ಮಾಡದೆ ಭಾರ ಹಾಕಿದರೆ ಮಷಿನ್ ಮುನಿಯುತ್ತದೆ ಎಂದು ನನ್ನ ಗುರು ಹೇಳಿಕೊಟ್ಟಿದ್ದ. ಇಪ್ಪತ್ತೈದು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿಸಿದವನಲ್ಲ.

ಹೆಂಡತಿ ಸವದತ್ತಿ ಎಲ್ಲಮ್ಮನ ಗುಡ್ಡದ ಭಂಡಾರ, ಅಂದರೆ ದೇವಿಯ ಅರಿಸಿನ, ಕಟ್ಟಿಕೊಟ್ಟಿದ್ದಳು. ಕಪ್ಪು ಫ್ರೇಮಿಗೆ ಹಳದಿ ಬೊಟ್ಟು ಇಟ್ಟೆ. ಕೈ ಮುಗಿದು, "ತಾಯಿ, ತೊಂಬತ್ತು ಮುಗಸು" ಅಂದೆ. ಸನ್ನೆಕೋಲಿನಿಂದ ದಾರ ಎಳೆದು ಸಿಕ್ಕಿಸಿದೆ. ಬಾಣ ಇಡಲಿಲ್ಲ. ಟ್ರಿಗರ್ ಒತ್ತಿದೆ.

ಸಿಡಿಲು ಹೊಡೆದಂತಾಯಿತು. ದಾರ ಹರಿದು ಕೈಗೆ ಬಡಿಯಿತು. ಒಳಮನೆಯಲ್ಲಿ ಕಾಫಿಯ ಕಪ್-ಬಸಿ ಒಡೆದ ಸದ್ದು, ಆಮೇಲೆ ಫ್ರಾನ್ಜಜ್ಜ ಓಡಿ ಬಂದ. ಕಿವಿ ಕೇಳದವನಿಗೂ ಆ ಸದ್ದು ಕೇಳಿತ್ತು. ನನ್ನನ್ನು ನೋಡಿದ, ಕೆಳಗೆ ಬಾಣಕ್ಕಾಗಿ ಹುಡುಕಿದ, ಎಲ್ಲೂ ಇಲ್ಲದ್ದು ಕಂಡು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಅದು ಯಾವ ದೇಶದಲ್ಲಾದರೂ ಒಂದೇ ಅರ್ಥ.

ಬಾಣವಿದ್ದರೆ ರೆಕ್ಕೆಯ ಬಲವೆಲ್ಲ ಬಾಣದ ಜೊತೆ ಹೋಗುತ್ತದೆ. ಬಾಣವಿಲ್ಲದಿದ್ದರೆ ಅಷ್ಟೂ ಬಲ ಫ್ರೇಮಿಗೇ ಮರಳಿ ಬಡಿಯುತ್ತದೆ. ಅಜ್ಜ ಇದನ್ನು ಕಾಗದದ ಮೇಲೆ ಗೀಟು ಎಳೆದು ತೋರಿಸಿದ. ತೋರಿಸುತ್ತಿದ್ದಂತೆ ನನಗೆ ಇನ್ನೊಂದು ಹೊಳೆಯಿತು. ಊರಲ್ಲಿ ಪ್ರತಿ ವರ್ಷ ಆಯುಧಪೂಜೆಯ ದಿನ ಲೀಲವ್ವನ ಅಡ್ಡಬಿಲ್ಲನ್ನು ವರ್ಕ್‌ಶಾಪಿಗೆ ತರಿಸಿಕೊಂಡು, ಪೂಜೆ ಮಾಡಿ, ಹೀಗೇ ಖಾಲಿ ಬಿಡುತ್ತಿದ್ದೆ. ಆ ಕೂದಲೆಳೆ ಬಿರುಕು ಎಲ್ಲಿಂದ ಬಂತೆಂದು ಇನ್ನು ಯಾರನ್ನು ಕೇಳಲಿ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ರೆಕ್ಕೆಗಳು ಉಳಿದಿದ್ದವು. ಕಪ್ಪು ಫ್ರೇಮಿನ ಮೇಲೆ ಗೀರು ಕೂಡ ಕಾಣಲಿಲ್ಲ. ಫ್ರಾನ್ಜಜ್ಜ ಕಿಸೆಯಿಂದ ಒಂದು ನಾಣ್ಯ ತೆಗೆದು ಫ್ರೇಮಿನ ಮೇಲೆ ಬೆರಳಗಲ ಬೆರಳಗಲ ಬಿಟ್ಟು ತಟ್ಟತೊಡಗಿದ. ತಟ್ಟುವುದು, ಕಿವಿ ತರುವುದು, ತಲೆಯಾಡಿಸುವುದು. ಅವನಿಗೆ ಕೇಳಿಸುತ್ತಿರಲಿಲ್ಲ. ಕೊನೆಗೆ ನಾಣ್ಯವನ್ನು ನನ್ನ ಕೈಗೆ ಕೊಟ್ಟು, ನನ್ನ ಕಿವಿಯನ್ನು ಮುಟ್ಟಿ ತೋರಿಸಿದ.

ಬಾರಿಸಿ ನೋಡುವ ಕೆಲಸ. ನನ್ನ ನಲವತ್ತೆಂಟು ವರ್ಷದ ಬದುಕಿನಲ್ಲಿ ಎಲ್ಲರೂ ನಗಾಡಿದ ಚಾಳಿ.

ತಟ್ಟಿದೆ. ಠಪ್. ಠಪ್. ಠಪ್. ಒಳ್ಳೆಯ ಕಾಂಪೋಸಿಟ್ಟಿನ ದನಿಯೇ ಅದು, ಒಡೆದದ್ದಲ್ಲ. ನೂಲಿನ ಪದರ ಒಂದಕ್ಕೊಂದು ಹಿಡಿದುಕೊಂಡದ್ದರ ದನಿ. ನಿನ್ನೆ ನಾನು ಬೇಡ ಅಂದದ್ದು ಒಂದು ಗಟ್ಟಿ ಫ್ರೇಮನ್ನು. ಎಡಗಡೆಯ ರೆಕ್ಕೆ ಕೂಡುವ ಜಾಗಕ್ಕೆ ಬಂದಾಗ ದನಿ ಬದಲಾಯಿತು. ಎರಡು ಬೆರಳಗಲದಷ್ಟು ಕಡೆ, ಒಳಗೆ ಟೊಳ್ಳಾದ, ಸತ್ತ ದನಿ. ಮತ್ತೆ ತಟ್ಟಿದೆ. ಅದೇ.

ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ತಲೆಯಾಡಿಸಿ "ಎಲ್ಲಾ ಬರೋಬ್ಬರಿ" ಅಂದುಬಿಟ್ಟರೆ? ಅವನಿಗೆ ಕೇಳುವುದಿಲ್ಲ, ಮೇಲೆ ಕಾಣುವುದಿಲ್ಲ. ತೊಂಬತ್ತು ಬಾಣ ತಡೆದರೂ ತಡೆದೀತು. ಲೀಲವ್ವನಿಗೆ ಹಗುರ ಫ್ರೇಮು ಸಿಗುತ್ತದೆ, ನಾನು ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ಸುಳ್ಳೇಕೆ, ಒಂದು ಗಳಿಗೆ ಹಾಗೇ ನಿಂತೆ. ತಡೆಯದಿದ್ದರೆ ಅದು ಸಿಡಿಯುವುದು ಅವಳ ಕೆನ್ನೆಯ ಪಕ್ಕದಲ್ಲಿ. ಸೀಮೆಸುಣ್ಣ ತೆಗೆದುಕೊಂಡು ಆ ಜಾಗದ ಸುತ್ತ ಗೆರೆ ಎಳೆದೆ. ಅಜ್ಜ ನನ್ನ ಬೆನ್ನು ತಟ್ಟಿದ. ಇನ್ನೊಂದು ಹೊಸದು ಮಾಡಲು ತಿಂಗಳು ಬೇಕೆಂದು ಗೋಡೆಯ ಕ್ಯಾಲೆಂಡರ್ ತೋರಿಸಿದ.

ಮಧ್ಯಾಹ್ನ ಲೀಲವ್ವ ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದಳು. ಕಪ್ಪು ಫ್ರೇಮು, ಹಳದಿ ಬೊಟ್ಟು, ಬಿಳಿ ಗೆರೆ, ಹರಿದ ದಾರ ಎಲ್ಲವನ್ನೂ ನೋಡಿದಳು.

"ಖಾಲಿ ಬಿಟ್ಟೆ, ಲೀಲವ್ವಾ" ಅಂದೆ. "ಪೂಜಾ ಮಾಡಿ ಖಾಲಿ ಬಿಟ್ಟೆ. ಊರಾಗೂ ಹಂಗ ಬಿಡತಿದ್ದೆ. ಆ ಬಿರುಕೂ ನಂದ."

"ಬಾಣ ಇಲ್ದ ಬಿಡಬಾರದು ಅಂತ ನಮಗ ಮೊದಲನೇ ದಿನಾನ ಕಲಿಸಿದ್ರು, ಮಾಮಾ."

"ನನಗ ಯಾರೂ ಕಲಿಸಿರಲಿಲ್ಲವಾ." ಬಾಯಿ ಒಮ್ಮೆ ತೆರೆದ ಮೇಲೆ ನಿಲ್ಲಲಿಲ್ಲ. "ಇನ್ನೊಂದು ಐತಿ. ಆ ಮುಚ್ಚಂಜಿ, ರಸ್ತಾದಾಗ ನಿಂತಿತ್ತಲ್ಲ ಟ್ರೇಲರ್, ಅದು ನಾ ಕಟ್ಟಿದ್ದು. ರೇಡಿಯಂ ಹಚ್ಚದ ಕಳಿಸಿದ್ದೆ. ನಾಕು ವರ್ಷ ಆತು, ನಿನ್ನ ಮುಂದ ಹೇಳಾಕ ಬಾಯಿ ಬರಲಿಲ್ಲ."

ಲೀಲವ್ವ ಕಪ್ಪು ಫ್ರೇಮಿನ ಮೇಲಿನ ಭಂಡಾರವನ್ನು ಬೆರಳಿನಿಂದ ಒರೆಸಿ ತನ್ನ ಹಣೆಗೆ ಹಚ್ಚಿಕೊಂಡಳು.

"ಗೊತ್ತೈತ್ರಿ" ಅಂದಳು. "ಅದರ ಹಿಂದಿನ ತಗಡಿನ ಪತ್ರಾದ ಮ್ಯಾಲೆ ನಿಮ್ಮ ವರ್ಕ್‌ಶಾಪಿನ ಹೆಸರು ದೊಡ್ಡದಾಗಿ ಬರದಿತ್ತು. ಮಂದಿ ಬಂದು ಎತ್ತೂತನಕಾ ನಾ ಅದನ್ನ ಓದಕೋಂತ ಬಿದ್ದಿದ್ದೆ."

ಫ್ರಾನ್ಜಜ್ಜನ ಸ್ಟೂಲಿನ ಮೇಲೆ ಕೂತೆ. ಕೂತು ಅತ್ತೆ, ಮುಚ್ಚುವುದೇನಿದೆ. ಅಜ್ಜ ಕಾಫಿ ತಂದವನು ಹಾಗೇ ಹಿಂದೆ ಹೋದ.

"ಏಳ್ರಿ ಮಾಮಾ. ಅಲ್ಯುಮಿನಿಯಮ್ಮಿಂದ ಹಿಡಿತೇನಿ. ಎಷ್ಟರದು ಭಾರ? ಒಂದು ತಂಬಿಗಿ ನೀರಲ್ಲ?"

ನನ್ನದೇ ಮಾತು, ನನ್ನದೇ ದನಿಯಲ್ಲಿ ಅಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಅಲ್ಯುಮಿನಿಯಂ ಫ್ರೇಮನ್ನು ಡ್ರಿಲ್ಲಿಂಗ್ ಮಷಿನ್ನಿನ ಹತ್ತಿರ ಒಯ್ದೆ. ಫ್ರಾನ್ಜಜ್ಜ ಬಂದು ಪೆನ್ಸಿಲ್ಲಿನಿಂದ ಗುರುತು ಮಾಡಿದ: ಇಲ್ಲಿ ತೆಗೆಯಬಹುದು, ಇಲ್ಲಿ ಮುಟ್ಟಬಾರದು. ಮುಂಭಾಗದಲ್ಲಿ ಸಾಲಾಗಿ ತೂತು, ನಡುವೆ ಉದ್ದ ಕಿಂಡಿ. ನನ್ನ ಬದುಕೆಲ್ಲ ಲೋಹಕ್ಕೆ ಲೋಹ ಕೂಡಿಸಿದವನು ನಾನು. ಎಲ್ಲಿ ಒಂದು ಪಟ್ಟಿ ಸಾಕೋ ಅಲ್ಲಿ ಎರಡು. ಅವತ್ತು ಸಂಜೆಯವರೆಗೆ ಬರೀ ತೆಗೆದೆ. ಪುಡಿಯನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಸಿ ಆಗಾಗ ಎತ್ತಿ ನೋಡುತ್ತಿದ್ದೆ. ಅರ್ಧ ತಂಬಿಗೆ ನೀರಿನ ತೂಕದಷ್ಟಾಗಿರಬೇಕು, ಹೆಚ್ಚಿಲ್ಲ. ಅಜ್ಜ ರೆಕ್ಕೆ ಕೂಡಿಸಿ ಹೊಸ ದಾರ ಹಾಕಿಕೊಟ್ಟ. ಒಡೆದ ಕಪ್ಪು ಫ್ರೇಮನ್ನು ಊರಿಗೆ ಒಯ್ಯಲು ನಾನೇ ದುಡ್ಡು ಕೊಟ್ಟು ತೆಗೆದುಕೊಂಡೆ.

ಮೂರನೆಯ ದಿನ, ಮೈದಾನ

ಕನ್ನಡಕದ ಹೆಂಗಸು ತೂತುಗಳನ್ನು ಒಂದೊಂದಾಗಿ ಟಾರ್ಚು ಹಾಕಿ ನೋಡಿ, ಹಸಿರು ಚೀಟಿ ಕಟ್ಟಿದಳು.

ನೋಡುವವರು ಹಗ್ಗದ ಹಿಂದೆ ಕೂಡಬೇಕು, ಮಾತಾಡಬಾರದು, ಏಳಬಾರದು. ಇದಕ್ಕಿಂತ ಜೈಲು ಮೇಲು. ಎಣಿಕೆ ತಪ್ಪಬಾರದೆಂದು ಎಡಕಿಸೆಯಲ್ಲಿ ತೊಂಬತ್ತು ಶೇಂಗಾ ಇಟ್ಟುಕೊಂಡಿದ್ದೆ. ಒಂದು ಬಾಣಕ್ಕೆ ಒಂದು ಶೇಂಗಾ ಬಲಕಿಸೆಗೆ. ಮೊದಲ ಮೂವತ್ತು ಚೆನ್ನಾಗಿ ಹೋದವು. ಎರಡನೆಯ ಮೂವತ್ತರಲ್ಲಿ ಲೀಲವ್ವ ಪ್ರತಿ ಬಾಣದ ನಂತರ ಬಿಲ್ಲನ್ನು ಸ್ಟ್ಯಾಂಡಿಗೆ ಇಟ್ಟು ಕೈ ಜಾಡಿಸತೊಡಗಿದಳು. ಅರವತ್ತು ದಾಟಿತು. ಊರಲ್ಲಿ ನೆವ ಹುಡುಕುವ ಹೊತ್ತು ಅದು. ಅಲ್ಲಿ ಬಿಸಿಲೂ ಇತ್ತು, ಗಾಳಿಯೂ ಇತ್ತು.

ಎಪ್ಪತ್ತರ ನಂತರ ಎಲ್ಲೋ ಒಂದು ಕಡೆ ಎತ್ತಿದವಳು ಬಿಡದೆ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಗೆರೆಯ ಮೇಲಿನ ಅಧಿಕಾರಿ ಗಡಿಯಾರ ನೋಡಿದ. ನನ್ನ ಪಕ್ಕ ಕೂತ ಮನೆಯ ಅಜ್ಜಿ ನನ್ನ ಮೊಣಕಾಲು ಒತ್ತಿ ಹಿಡಿದಳು, ಇಲ್ಲದಿದ್ದರೆ ನಾನು ಹಗ್ಗ ಜಿಗಿದಿರುತ್ತಿದ್ದೆ. ಮೂರನೆಯ ಸಲ ಎತ್ತಿ ಬಿಟ್ಟಳು. ಬಾಣ ಹೊರಗಿನ ಬಿಳಿ ಸುತ್ತಿಗೆ ಬಿತ್ತು. ಬೀಳಲಿ! ಶೇಂಗಾಕ್ಕೆ ಕೈ ಹಾಕಿದರೆ ಎಡಕಿಸೆಯಲ್ಲಿ ನಾಲ್ಕೇ ಇದ್ದವು. ಗಾಬರಿಯಲ್ಲಿ ಎಣಿಕೆಯದನ್ನೇ ತಿಂದುಬಿಟ್ಟಿದ್ದೆ. ಇನ್ನೆಷ್ಟು ಉಳಿದವು ಎಂದು ತಿಳಿಯುವ ದಾರಿಯೇ ಇಲ್ಲದೆ ಕೂತೆ. ಒಂದು ಬಾಣ, ಇನ್ನೊಂದು, ಮತ್ತೊಂದು. ಅವಳು ಎತ್ತುತ್ತಲೇ ಇದ್ದಳು.

ಸೀಟಿ ಊದಿದಾಗ ಅಜ್ಜಿ ಎರಡೂ ಕೈ ತಟ್ಟಿದಳು. ತೊಂಬತ್ತೂ ಮುಗಿದಿದ್ದವು. ಕೆಳಗಿನಿಂದ ಮೂರನೆಯವಳು ನಮ್ಮ ಲೀಲವ್ವ. ನಾನು ಹಗ್ಗ ಜಿಗಿದು ಓಡಿದೆ.

ಅವಳ ಮುಖವೆಲ್ಲ ಬೆವರು. ಎಡಗೈ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅಡ್ಡಬಿಲ್ಲನ್ನು ನನ್ನ ಕೈಗೆ ಕೊಟ್ಟಳು.

ನಾಲ್ಕು ವರ್ಷದಲ್ಲಿ ಅದನ್ನು ಕಟ್ಟಿದ್ದೇನೆ, ಬಿಚ್ಚಿದ್ದೇನೆ, ಪೂಜೆ ಮಾಡಿದ್ದೇನೆ, ಒಡೆದಿದ್ದೇನೆ. ಅವಳು ಹಿಡಿಯುವ ಹಾಗೆ ಒಮ್ಮೆಯೂ ಹಿಡಿದಿರಲಿಲ್ಲ. ಗೆರೆಯ ಮೇಲೆ ನಿಂತೆ. ಹಿಡಿಕೆಯನ್ನು ಭುಜಕ್ಕೆ ಒತ್ತಿ, ಎಡಗೈ ಮುಂದೆ ಚಾಚಿ, ಗುರಿಯ ಹಳದಿ ನಡುವನ್ನು ನೋಡಿದೆ. ಲೀಲವ್ವ ಪಕ್ಕದಲ್ಲಿ ನಿಂತು ಮೆಲ್ಲಗೆ ಎಣಿಸುತ್ತಿದ್ದಳು. ಹತ್ತಕ್ಕೆ ಬಂದಾಗ ಭುಜದೊಳಗೆ ಏನೋ ಎಳೆಯಿತು. ಹದಿನೈದಕ್ಕೆ ಹಳದಿ ನಡು ಕುಣಿಯತೊಡಗಿತು. ಕಬ್ಬಿಣ ಎತ್ತಿ ಎತ್ತಿ ಬೆಳೆದ ತೋಳು, ಮುರಿಯದ ಭುಜ, ಇಪ್ಪತ್ತಕ್ಕೆ ಗಡಗಡ ನಡುಗುತ್ತಿತ್ತು.

"ಭಾರ ಐತೇನ್ರಿ ಮಾಮಾ?" ಅಂದಳು.

ಬಿಲ್ಲು ಇಳಿಸಿದೆ.

"ಐತವಾ" ಅಂದೆ. "ಭಾಳ ಭಾರ ಐತಿ."